ಅಪ್ಪನ ಕಿಂಡಲ್, ಅಪ್ಪನ ಸಿಮ್ಮು, ಆಮೇಲೆ ನಾನು ಮಾಡಿಟ್ಟಿದ್ದು

ಅಪ್ಪನ ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನ ಅಮ್ಮ ಅಪ್ಪನ ಕಿಂಡಲ್, ಅಂದ್ರೆ ಇ-ಬುಕ್ ಓದೋ ಅಮೆಜಾನ್ ಸಾಧನ, ತಂದು ನನ್ನ ಕೈಲಿಟ್ಟು "ಇದ್ರಲ್ಲಿರೋ ಪುಸ್ತಕ ಎಲ್ಲಾ ನೀನೂ ಅಕ್ಕನೂ ಹಾಕ್ಕೊಳ್ಳಿ, ದುಡ್ಡು ಕೊಟ್ಟು ತಗೊಂಡಿರೋದು, ಸುಮ್ನೆ ಹಾಳಾಗ್ಬಾರ್ದು" ಅಂದ್ರು. ಬೀರುವಲ್ಲಿದ್ದ ಕನ್ನಡ ಪುಸ್ತಕಗಳನ್ನ ಹಂಚ್ಕೊಂಡಷ್ಟೇ ಸುಲಭ ಇದು ಅಂತ ಅಮ್ಮ ತಿಳ್ಕೊಂಡಿದ್ರು. ನಾನೂ ಹಾಗೇ ತಿಳ್ಕೊಂಡಿದ್ದೆ. ಅಪ್ಪ ಕನ್ನಡದ್ದನ್ನ ಪೇಪರಲ್ಲೇ ತಗೊಳ್ತಿದ್ರು, ಯಾಕಂದ್ರೆ 2016ರ ಡಿಸೆಂಬರ್‌ನಲ್ಲಿ ಅಮೆಜಾನ್‌ನೋರು ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಅಂತ 5 ಭಾಷೆ ತಂದಾಗ ಕನ್ನಡ ಆ ಪಟ್ಟಿಯಲ್ಲಿ ಇರ್ಲಿಲ್ಲ, ಅದು ಅವರಿಗೆ ಬಹಳ ಬೇಜಾರಿನ ವಿಷಯ ಆಗಿತ್ತು. ಈಗ ನೋಡಿದ್ರೆ ಆ ಪೇಪರ್ ಪುಸ್ತಕಗಳೇ ಯಾರ ಅಪ್ಪಣೆನೂ ಇಲ್ದೆ ನಮಗೆ ಬಂದಿದ್ದು.

ನಾನು ಗೊತ್ತಿಲ್ದೇ ಮಾಡಿದ ಒಂದು ಒಳ್ಳೆ ಕೆಲಸ ಅಂದ್ರೆ ಅಪ್ಪನ ಸಿಮ್ ರೀಚಾರ್ಜ್ ಮಾಡಿಸಿದ್ದು. ಅವರ ನಂಬರ್‌ಗೆ ಫೋನ್ ಮಾಡೋ ಹಳೇ ಸ್ನೇಹಿತರಿಗೆ ವಿಷಯ ತಿಳಿಸೋಣ ಅಂತ ಇಟ್ಕೊಂಡಿದ್ದು, ಆದ್ರೆ ಆಮೇಲೆ ಗೊತ್ತಾಯ್ತು ಪ್ರತಿಯೊಂದು ಲಾಗಿನ್‌ಗೂ ಒಟಿಪಿ ಅದಕ್ಕೇ ಬರೋದು, ಪ್ರೀಪೇಯ್ಡ್ ಸಿಮ್ 90 ದಿನ ಬಳಸದೇ ಬಿಟ್ರೆ ನಂಬರ್ ನಿಂತು ಹೋಗಬಹುದು, ಆಮೇಲೆ ಅದು ಇನ್ಯಾರಿಗೋ ಹೋಗುತ್ತೆ, ಅಲ್ಲಿಗೆ ಎಲ್ಲಾ ಬಾಗಿಲೂ ಮುಚ್ಚಿದ ಹಾಗೆ. ಮರಣ ಪ್ರಮಾಣಪತ್ರ ಕೈಗೆ ಬಂದ ಮೇಲೆ ಅಮ್ಮನ ಆಧಾರ್ ಜೊತೆ ತಗೊಂಡು ಹೋಗಿ ನಂಬರನ್ನ ಅಮ್ಮನ ಹೆಸರಿಗೇ ಮಾಡಿಸಿದ್ವಿ. ಬ್ಯಾಂಕು, ಯುಪಿಐ ಮಾತ್ರ ಮುಟ್ಟಲಿಲ್ಲ, ಅದಕ್ಕೆ ನಾಮಿನಿ ಕ್ಲೇಮ್ ಅಂತ ಬೇರೆ ದಾರಿನೇ ಇದೆ, ಗೊತ್ತಿರೋ ಪಿನ್ ಹಾಕಿ ದುಡ್ಡು ತೆಗೆಯೋದು ತಪ್ಪು.

ತಪ್ಪು ಮಾಡಿದ್ದು ಆಡಿಯೋಬುಕ್ ವಿಷಯದಲ್ಲಿ. ಅಪ್ಪ ವಾಕಿಂಗ್ ಹೋಗ್ವಾಗ ಕೇಳೋಕೆ ಒಂದು ಆ್ಯಪಲ್ಲಿ ಸುಮಾರು 40 ಪುಸ್ತಕ ತಗೊಂಡಿದ್ರು. ನಾನು ಪ್ರಾಮಾಣಿಕವಾಗಿ ಕಸ್ಟಮರ್ ಕೇರ್‌ಗೆ ಮೇಲ್ ಹಾಕ್ದೆ, ನಮ್ಮ ತಂದೆ ಹೋಗ್ಬಿಟ್ರು, ಇದನ್ನ ಅಮ್ಮನ ಹೆಸರಿಗೆ ಮಾಡಿಕೊಡಿ, ಬೇಕಾದ್ರೆ ಪ್ರಮಾಣಪತ್ರ ಕಳಿಸ್ತೀನಿ ಅಂತ. ಅವರು ಸಂತಾಪ ಹೇಳಿ ಒಂದು ಮೇಲ್ ಹಾಕಿದ್ರು, ಅಕೌಂಟ್ ವರ್ಗಾವಣೆ ಆಗಲ್ಲ ಅಂದ್ರು, 3 ದಿನಕ್ಕೆ ಅಕೌಂಟೇ ಮುಚ್ಚಿಬಿಟ್ರು. ಅರ್ಧ ಕೇಳಿ ನಿಲ್ಸಿದ್ದ ಪುಸ್ತಕ ಯಾವ್ದು ಅಂತ ನೋಡೋಕೂ ಆಗ್ಲಿಲ್ಲ ನನಗೆ. ಇವತ್ತಿಗೂ ಅದೊಂದು ಸಂಕಟ ಹೋಗಿಲ್ಲ. ಹಾಗಾಗಿ ಯಾರಾದ್ರೂ ಕೇಳಿದ್ರೆ ಮೊದಲು ಹೇಳೋದು ಇದನ್ನೇ, ಅಕೌಂಟ್ ಒಳಗೆ ಏನೇನಿದೆ ಅಂತ ನೋಡಿ, ಬರೆದಿಟ್ಕೊಂಡು, ಫೋಟೋ ಪತ್ರ ಟಿಪ್ಪಣಿ ಏನು ಇಳಿಸ್ಕೊಳ್ಳೋಕೆ ಆಗುತ್ತೋ ಇಳಿಸ್ಕೊಂಡು, ಆಮೇಲೆ ಕಂಪನಿಗೆ ತಿಳಿಸಿ.

ಯಾಕೆ ಹೀಗೆ ಅಂತ ಕೂತು ಓದಿದಾಗ ಅರ್ಥ ಆಗಿದ್ದು, ಅಪ್ಪ ಅವನ್ನ ಕೊಂಡೇ ಇರ್ಲಿಲ್ಲ. ಕಿಂಡಲ್ ಷರತ್ತುಗಳಲ್ಲೇ ಇದೆ, ಪುಸ್ತಕವನ್ನ ಮಾರಿಲ್ಲ, ಓದೋಕೆ ಲೈಸೆನ್ಸ್ ಕೊಟ್ಟಿದ್ದೀವಿ ಅಂತ. ಬಟನ್ ಮೇಲೆ 'ಬೈ' (ಕೊಳ್ಳಿ) ಅಂತಿರುತ್ತೆ, ಸಿಗೋದು ಅನುಮತಿ, ಅದೂ ಅವರೊಬ್ಬರಿಗೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಬಂದಿದೆ, ಕೊಡ್ತಿರೋದು ಲೈಸೆನ್ಸ್ ಮಾತ್ರ ಅಂತ ಗಿರಾಕಿಗೆ ಸ್ಪಷ್ಟವಾಗಿ ಹೇಳದೇ 'ಬೈ' ಅನ್ನೋ ಪದ ಬಳಸೋ ಹಾಗಿಲ್ಲ. ಇಲ್ಲೂ ಅಂಥದ್ದು ಬರ್ಬೇಕು ಅನ್ನೋದು ನನ್ನ ಅಭಿಪ್ರಾಯ. ಅದೇ ವರ್ಷ ಫೆಬ್ರವರಿ 26ಕ್ಕೆ ಅಮೆಜಾನ್ ಕಿಂಡಲ್ ಪುಸ್ತಕವನ್ನ ಕಂಪ್ಯೂಟರ್‌ಗೆ ಇಳಿಸ್ಕೊಂಡು ಕೇಬಲ್ಲಲ್ಲಿ ಹಾಕ್ಕೊಳ್ಳೋ ಸೌಲಭ್ಯನೂ ತೆಗೀತು.

ಆದ್ರೆ ಕಿಂಡಲ್ ಅನ್ನೋ ಆ ಸಾಮಾನು ನಮ್ಮದೇ, ಅಪ್ಪನ ವಾಚು ಕನ್ನಡಕದ ಹಾಗೆ. ಅದನ್ನ ನಾನು ಡಿರಿಜಿಸ್ಟರ್ ಮಾಡ್ಲಿಲ್ಲ, ಅಂದ್ರೆ ಅಪ್ಪನ ಅಕೌಂಟಿಂದ ಬಿಡಿಸ್ಲಿಲ್ಲ, ಏರೋಪ್ಲೇನ್ ಮೋಡಲ್ಲಿ ಇಟ್ಟೆ, ಒಳಗಿದ್ದದ್ದು ಒಳಗೇ ಇದೆ. ಕೇಬಲ್ ಹಾಕಿ ಕಂಪ್ಯೂಟರಲ್ಲಿ ನೋಡಿದಾಗ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ 'ಮೈ ಕ್ಲಿಪಿಂಗ್ಸ್' ಅಂತ ಒಂದು ಸಾದಾ ಟೆಕ್ಸ್ಟ್ ಫೈಲ್ ಸಿಕ್ತು. ಅಪ್ಪ ಗೆರೆ ಎಳೆದ ಪ್ರತಿ ಸಾಲು, ಬರೆದ ಪ್ರತಿ ಟಿಪ್ಪಣಿ, ತಾರೀಖು ಸಮೇತ. ಕಿಂಡಲ್‌ನಲ್ಲಿ ಕನ್ನಡ ಕೀಬೋರ್ಡ್ ಇಲ್ದೇ ಇದ್ದಿದ್ರಿಂದ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಿದ್ರು. ಒಂದು ಕಡೆ 'ಇದನ್ನ ಇವಳಿಗೆ ಓದಿ ಹೇಳಬೇಕು' ಅಂತಿತ್ತು. ರಾತ್ರಿ 2 ಗಂಟೆಗೆ ಬರೆದಿದ್ದು, ಅಂದ್ರೆ ಆ ಹೊತ್ತಲ್ಲಿ ಅಮ್ಮ ಮಲಗಿದ್ದಿರಬೇಕು. ಅಷ್ಟನ್ನೂ ಕನ್ನಡ ಅಕ್ಷರಕ್ಕೆ ಬರೆದು ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿ ಅಮ್ಮನಿಗೆ ಕೊಟ್ಟೆ. ಲೈಸೆನ್ಸ್ ಯಾರದ್ದಾದ್ರೂ ಆಗ್ಲಿ, ಆ ಟಿಪ್ಪಣಿ ಅಪ್ಪನದು, ಅದು ನಮಗೆ ಬಂತು.

ಇದಾದ ಮೇಲೆ ನಂದು ಏನಾಗುತ್ತೆ ಅನ್ನೋ ಯೋಚನೆ ಶುರುವಾಯ್ತು. ಒಂದು ಲಾಂಗ್ ಬುಕ್ ತಗೊಂಡು ನಾನು ದುಡ್ಡು ಕೊಟ್ಟು ತಗೊಂಡ ಡಿಜಿಟಲ್ ಸಾಮಾನೆಲ್ಲಾ ಬರೆದೆ, ಇ-ಬುಕ್, ಹಾಡು, ಸಿನಿಮಾ, ಆ್ಯಪ್, ಮಕ್ಕಳ ಗೇಮು, ಫೋಟೋ ಇಡೋ ಕ್ಲೌಡ್ ಜಾಗ. ಯಾವ ಮೇಲ್ ಐಡಿ, ಯಾವ ನಂಬರ್, ತಿಂಗಳು ತಿಂಗಳು ಕಾರ್ಡಿಂದ ಕಟ್ ಆಗೋದು ಯಾವ್ದು. 2 ಭಾನುವಾರ ಹಿಡೀತು. ಆಪಲ್‌ನ ಐಟ್ಯೂನ್ಸ್ ಅಂಗಡಿಯಲ್ಲಿ ಕೊಂಡಿದ್ದ ಹಾಡುಗಳಿಗೆ ಬೀಗ ಇಲ್ಲ, ಕಾಪಿ ಮಾಡೋಕೆ ಬಿಡದ ಡಿಆರ್‌ಎಂ ಅನ್ನೋ ಆ ಬೀಗವನ್ನ 2009ರಲ್ಲೇ ಆಪಲ್ ಹಾಡುಗಳಿಂದ ಪೂರ್ತಿ ತೆಗೆದಿತ್ತು, ಹಾಗಾಗಿ ಅವೆಲ್ಲಾ ಫೈಲ್ ಆಗಿ ಹಾರ್ಡ್ ಡಿಸ್ಕ್‌ಗೆ ಬಂತು. ಬೀಗ ಇಲ್ದೇ ಮಾರಿದ್ದ ಕೆಲವು ಇ-ಬುಕ್ಕೂ ಹಾಗೇ. ಸಿನಿಮಾ ಬರ್ಲಿಲ್ಲ, ಅದನ್ನ ಬಿಟ್ಟೆ.

ಆಪಲ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ ಅಂತಿದೆ, 2021ರ ಡಿಸೆಂಬರ್‌ನಲ್ಲಿ ಬಂದಿದ್ದು, 5 ಜನರ ತನಕ ಹಾಕಬಹುದು. ನಾವು ಹೋದ ಮೇಲೆ ಅವರು ಆ್ಯಕ್ಸೆಸ್ ಕೀ (ಅವರನ್ನ ಸೇರಿಸಿದಾಗ ಸಿಗೋ ಕೋಡ್) ಮತ್ತು ಮರಣ ಪ್ರಮಾಣಪತ್ರ ಕೊಟ್ರೆ ಫೋಟೋ, ನೋಟ್ಸು, ಫೈಲು ಸಿಗುತ್ತೆ, 3 ವರ್ಷದ ತನಕ, ಆಮೇಲೆ ಅಕೌಂಟ್ ಅಳಿಸಿಹೋಗುತ್ತೆ. ದುಡ್ಡು ಕೊಟ್ಟ ಹಾಡು, ಸಿನಿಮಾ, ಪುಸ್ತಕ ಅದರಲ್ಲಿ ಬರಲ್ಲ, ಉಳಿಸಿಟ್ಟ ಪಾಸ್‌ವರ್ಡೂ ಬರಲ್ಲ. ಬಹಳ ಜನ ಇದನ್ನ ಹಾಕಿ ಎಲ್ಲಾ ಮುಗೀತು ಅಂದ್ಕೊಳ್ತಾರೆ. ಗೂಗಲ್‌ನಲ್ಲಿ ಇನಾಕ್ಟಿವ್ ಅಕೌಂಟ್ ಮ್ಯಾನೇಜರ್, 3, 6, 12 ಇಲ್ಲಾ 18 ತಿಂಗಳು ನಾವು ಅಕೌಂಟ್ ಮುಟ್ಟದಿದ್ರೆ ನಾವು ಹೇಳಿದವರಿಗೆ ತಿಳಿಸಿ, ನಾವು ಆರಿಸಿದ ಡೇಟಾ ಕೊಡುತ್ತೆ, 10 ಜನರ ತನಕ. ನಾನು 3 ತಿಂಗಳು ಇಟ್ಟಿದ್ದೀನಿ, 18 ತಿಂಗಳು ಕಾಯೋಷ್ಟು ಹೊತ್ತಿಗೆ ಸಿಮ್ಮೂ ಇರಲ್ಲ.

ವಿಲ್ ಬಗ್ಗೆ ಗೊತ್ತಿರೋ ವಕೀಲರೊಬ್ಬರನ್ನ ಕೇಳ್ದೆ. ಡಿಜಿಟಲ್ ದಾಖಲೆಗೆ ಮಾನ್ಯತೆ ಕೊಡೋ ನಮ್ಮ ಐಟಿ ಕಾಯ್ದೆ, 2000 ವಿಲ್‌ಗೆ ಅನ್ವಯಿಸೋದೇ ಇಲ್ಲ, ಅಂದ್ರೆ ಮೇಲ್‌ನಲ್ಲೋ ವಾಟ್ಸಾಪಲ್ಲೋ ಬರೆದ ವಿಲ್ ನಡೆಯಲ್ಲ, ಪೇಪರಲ್ಲಿ ಬರೆದು ಸಹಿ ಹಾಕಿ 2 ಸಾಕ್ಷಿ ಹಾಕಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ನಾಮಿನಿ ಮಾಡೋ ಹಕ್ಕಿದೆ, ಆದ್ರೆ ಅದು ನಮ್ಮ ವೈಯಕ್ತಿಕ ಮಾಹಿತಿ ವಿಷಯಕ್ಕೆ, ಕೊಂಡ ಪುಸ್ತಕಕ್ಕಲ್ಲ. ಹಾಗಾಗಿ ವಿಲ್‌ನಲ್ಲಿ ಲ್ಯಾಪ್‌ಟಾಪ್, ಫೋನು, ಹಾರ್ಡ್ ಡಿಸ್ಕು ಮತ್ತು ಅದರಲ್ಲಿರೋದೆಲ್ಲಾ ಇಂಥವರಿಗೆ ಅಂತ ಬರೆಸಿದೆ. ಪಾಸ್‌ವರ್ಡ್ ಅದರಲ್ಲಿ ಬರೀಲಿಲ್ಲ, ವಿಲ್ ನಾಳೆ ಹತ್ತು ಜನರ ಕೈಗೆ ಹೋಗೋ ಕಾಗದ. ಫೋನ್ ಲಾಕ್ ನಂಬರ್ ಮತ್ತು ಎಲ್ಲಾ ಪಾಸ್‌ವರ್ಡ್ ಒಂದೇ ಕಡೆ ಇಡೋ ಪಾಸ್‌ವರ್ಡ್ ಮ್ಯಾನೇಜರ್‌ನ ಒಂದೇ ಒಂದು ಪಾಸ್‌ವರ್ಡ್ ಲಕೋಟೆಗೆ ಹಾಕಿ ಅಂಟಿಸಿ ಬೀರುವಿನ ಲಾಕರ್‌ನಲ್ಲಿ ಇಟ್ಟಿದ್ದೀನಿ, ಎಲ್ಲಿದೆ ಅಂತ ಮನೆಯವರಿಗೂ ಅಕ್ಕನಿಗೂ ಗೊತ್ತು.

ಆಮೇಲೆ ಒಂದು ಭಾನುವಾರ ಲಕೋಟೆ ಒಡೆಸಿ, ನಾನಿಲ್ಲ ಅಂದ್ಕೊಂಡು ಎಲ್ಲಾ ತೆಗೆದು ನೋಡಿ ಅಂತ ಮನೆಯವರಿಗೆ ಹೇಳ್ದೆ. ಮೊದಲು ಬೈದ್ರು, ಅಪಶಕುನ ಅಂತ. ಕೂತು ಮಾಡಿದ್ಮೇಲೆ ಗೊತ್ತಾಯ್ತು ಪಾಸ್‌ವರ್ಡ್ ಸರಿ ಇದೆ, ಆದ್ರೆ ಲಾಗಿನ್‌ಗೆ ಬೇಕಾದ ಎರಡನೇ ಕೋಡ್ ಕೊಡೋ ಆ್ಯಪ್ ನನ್ನ ಫೋನಲ್ಲಿ ಮಾತ್ರ ಇದೆ, ಫೋನ್ ಒಡೆದುಹೋದ್ರೆ ಯಾರೂ ಒಳಗೆ ಹೋಗೋಕಾಗಲ್ಲ. ಬ್ಯಾಕಪ್ ಕೋಡ್ ಪ್ರಿಂಟ್ ತೆಗೆದು ಅದನ್ನೂ ಲಕೋಟೆಗೆ ಸೇರಿಸಿದೆ. ಈಗ ಮಗಳು ಮುಂದೆ ಓದಬೇಕು ಅನ್ಸೋ ಪುಸ್ತಕ ಇದ್ರೆ ಪೇಪರಲ್ಲೇ ತಗೊಳ್ತೀನಿ, ಇಲ್ಲಾ ಬೀಗ ಇಲ್ಲದ ಫೈಲ್.

ಲಾಂಗ್ ಬುಕ್ ಹೊರಗೆ ಬರೋದು ವರ್ಷಕ್ಕೊಂದ್ಸಲ, ಆಯುಧ ಪೂಜೆ ದಿನ. ಗಾಡಿ ತೊಳೆದು, ಲ್ಯಾಪ್‌ಟಾಪ್‌ಗೆ ಅರಿಶಿನ ಕುಂಕುಮ ಹಚ್ಚಿ ಆದ್ಮೇಲೆ ಪಟ್ಟಿ ತಿದ್ದಿ, ಹಾರ್ಡ್ ಡಿಸ್ಕ್ ಹಾಕಿ ಫೈಲ್ ತೆರೆಯುತ್ತಾ ಅಂತ ನೋಡ್ತೀನಿ. ಅಪ್ಪನ ಕಿಂಡಲ್‌ನೂ ಆವತ್ತೇ ಚಾರ್ಜಿಗೆ ಹಾಕೋದು, ಅಮ್ಮ ಅದಕ್ಕೊಂದು ಸೇವಂತಿಗೆ ಇಡ್ತಾರೆ.