ಕೆಂಪಿಂಡಿ ವರ್ಷ ತುಂಬ ಕೆಡದಂತೆ ನಾನು ಹಾಕುವ ಬಗೆ

ಬಳ್ಳಾರಿ, ಕುರುಗೋಡು, ಸಿರುಗುಪ್ಪ ಕಡೆಯ ಎರೆಹೊಲಗಳಲ್ಲಿ ಡಿಸೆಂಬರ್ ಕೊನೆಗೆ ಮೆಣಸಿನ ಗಿಡ ಕೆಂಪೇರುತ್ತದೆ. ಒಣಗಿಸಿದ ಕಾಯಿ ಚೀಲ ತುಂಬಿ ಬ್ಯಾಡಗಿ ಪೇಟೆಗೆ ಹೋಗುವ ಮೊದಲು ಒಳ್ಳೆಯ ಹಸಿ ಹಣ್ಣುಗಾಯಿ ಸಿಗುವುದು ಕೆಲವೇ ವಾರ. ಆ ಹಣ್ಣುಗಾಯಿಯನ್ನು ಉಪ್ಪು, ಹುಣಸೆ, ಬೆಳ್ಳುಳ್ಳಿ ಸೇರಿಸಿ ರುಬ್ಬಿಡುವ ಖಾರದ ಹಿಂಡಿಯೇ ಕೆಂಪಿಂಡಿ, ವರ್ಷಕ್ಕಾಗುವಷ್ಟು ಹಾಕಿಕೊಳ್ಳುವುದು ಆಗಲೇ. ಧಾರವಾಡದ ಕಡೆ ಇದಕ್ಕೆ ರಂಜಕ ಎನ್ನುತ್ತಾರೆ, ನಮ್ಮಲ್ಲಿಯ ತೆಲುಗು ಮನೆಗಳಲ್ಲಿ ಪಂಡುಮಿರಪಕಾಯ ಪಚ್ಚಡಿ. ಯಾರ ಮನೆಯಲ್ಲಿ ಕೆಟ್ಟರೂ ಬಹುಪಾಲು ಕೆಡುವುದು ನೀರಿನಿಂದ. ಹೀಗಾಗಿ ಈ ಬರಹದ ಅರ್ಧ ಭಾಗ ನೀರು ಎಲ್ಲೆಲ್ಲಿಂದ ಒಳಗೆ ಬರುತ್ತದೆ ಎನ್ನುವುದರ ಬಗ್ಗೆಯೇ ಇದೆ.

ಅವ್ವನ ಅಳತೆ ಬೊಗಸೆ, ಹಿಡಿ, ಚಿಟಿಕೆ. ಅದನ್ನು ನಾನು ತೂಕಕ್ಕೆ ಇಳಿಸಿಕೊಂಡಿದ್ದೇನೆ. ತೊಟ್ಟು ತೆಗೆದ ಮೇಲೆ 1 ಕೆಜಿ ತೂಗುವಷ್ಟು ಹಣ್ಣುಗಾಯಿ, 200 ಗ್ರಾಂ ಹರಳುಪ್ಪು, ಬೀಜ ನಾರು ತೆಗೆದ 150 ಗ್ರಾಂ ಹುಣಸೆಹಣ್ಣು, ಸುಲಿದ ಬೆಳ್ಳುಳ್ಳಿ 100 ಗ್ರಾಂ, ಮೆಂತ್ಯ 2 ಚಮಚ, ಸಾಸಿವೆ 2 ಚಮಚ, ಜೀರಿಗೆ 1 ಚಮಚ, ಅರಿಶಿನ 1 ಚಮಚ, ಇಂಗು ಅರ್ಧ ಚಮಚ. ಬೆಲ್ಲ ಬೇಕೆನ್ನುವವರು 50 ಗ್ರಾಂ ಹಾಕಬಹುದು, ನಾನು ಹಾಕುವುದಿಲ್ಲ. ಉಪ್ಪನ್ನು ಮಾತ್ರ ಯಾವ ಕಾರಣಕ್ಕೂ ಚಮಚದಲ್ಲಿ ಅಳೆಯಬೇಡಿ. ಹರಳುಪ್ಪಿನ ಕಾಳುಗಳ ನಡುವೆ ಗಾಳಿ ಇರುತ್ತದೆ, ಪುಡಿ ಉಪ್ಪು ಒತ್ತಾಗಿ ಕೂರುತ್ತದೆ. ಒಂದೇ ಬಟ್ಟಲಲ್ಲಿ ಅಳೆದರೂ ತೂಕ ಬೇರೆ ಬೇರೆ. ಎರಡು ವರ್ಷದ ಕೆಂಪಿಂಡಿ ಒಂದೇ ರುಚಿಗೆ ಬರದಿರಲು ಇದೇ ದೊಡ್ಡ ಕಾರಣ.

ಕಾಯಿಯ ವಿಷಯ. ಬರೀ ಬ್ಯಾಡಗಿ ಹಾಕಿದರೆ ಬಣ್ಣ ಕಣ್ಣಿಗೆ ಹಬ್ಬ, ಆದರೆ ರೊಟ್ಟಿಗೆ ಸಪ್ಪೆ. ಬರೀ ಗುಂಟೂರು ಹಾಕಿದರೆ ನಾಲಿಗೆ ಉರಿದು ಬೇರೆ ರುಚಿಯೇ ತಿಳಿಯದು. ಮುಕ್ಕಾಲು ಕೆಜಿ ಬ್ಯಾಡಗಿ, ಕಾಲು ಕೆಜಿ ಗುಂಟೂರು, ಇದು ನನಗೆ ಸರಿಹೋದ ಲೆಕ್ಕ. ಬ್ಯಾಡಗಿಯಲ್ಲಿ ಡಬ್ಬಿ ಗಿಡ್ಡಗೆ, ದಪ್ಪಗೆ, ಬೀಜ ಹೆಚ್ಚು. ಕಡ್ಡಿ ಉದ್ದಕ್ಕೆ, ತೆಳ್ಳಗೆ, ಬೀಜ ಕಡಿಮೆ. ರುಬ್ಬುವುದಕ್ಕೆ ನನಗೆ ಡಬ್ಬಿ ಇಷ್ಟ. ಯಾವುದೇ ಆಗಲಿ, ಕಾಯಿ ತುದಿಯಿಂದ ತೊಟ್ಟಿನವರೆಗೆ ಪೂರ್ತಿ ಕೆಂಪಾಗಿರಬೇಕು, ಹಿಚುಕಿದರೆ ಗಟ್ಟಿ ಇರಬೇಕು. ಗಿಡದಲ್ಲೇ ಸುಕ್ಕು ಬಿದ್ದ ಕಾಯಿ ರಸ ಬಿಡುವುದಿಲ್ಲ, ಅದು ಒಣಗಿಸಲು ಸರಿ. ಹಸಿರು ಪಟ್ಟೆ ಉಳಿದ ಕಾಯಿ ಹಿಂಡಿಯ ಬಣ್ಣವನ್ನು ಮಣ್ಣು ಮಾಡುತ್ತದೆ.

ಮೈಮೇಲೆ ಕಪ್ಪು ಮಚ್ಚೆ ಇರುವ ಕಾಯಿಯನ್ನು ಮುರಿದು ನೋಡಿ. ಹಣ್ಣುಕೊಳೆ ರೋಗ ತಗುಲಿದ್ದರೆ ಒಳಗೆ ಬೀಜದ ಸುತ್ತ ಬೂದಿ ಬಣ್ಣದ ಬೂಷ್ಟು ಕೂತಿರುತ್ತದೆ. ಹೊರಗಿನ ಮಚ್ಚೆ ಸಾಸಿವೆಯಷ್ಟಿದ್ದರೂ ಒಳಗೆಲ್ಲ ಹಬ್ಬಿರಬಹುದು. ಮಚ್ಚೆಯನ್ನಷ್ಟೇ ಕತ್ತರಿಸಿ ಉಳಿದದ್ದನ್ನು ಹಾಕುವ ಉಳಿತಾಯ ಬೇಡ, ಇಡೀ ಕಾಯಿ ಎಸೆಯಿರಿ.

ಈಗ ತೊಳೆಯುವುದು. ಅತಿ ಹೆಚ್ಚು ಜನ ತಪ್ಪುವುದು ಇಲ್ಲೇ. ತೊಟ್ಟು ಕಿತ್ತು ಆಮೇಲೆ ತೊಳೆಯುತ್ತಾರೆ. ತೊಟ್ಟು ಕಿತ್ತ ಜಾಗದಲ್ಲಿ ಸಣ್ಣ ತೂತು ಬೀಳುತ್ತದೆ. ಅದರೊಳಗೆ ಹೋದ ನೀರು ಬೀಜದ ಗೊಂಚಲಿಗೆ ಅಂಟಿ ಕೂರುತ್ತದೆ, ಎಷ್ಟು ಒರೆಸಿದರೂ ಹೊರಬರುವುದಿಲ್ಲ. ಅನುಮಾನವಿದ್ದರೆ ಹಾಗೆ ತೊಳೆದ ಒಂದು ಕಾಯಿಯನ್ನು ತಲೆಕೆಳಗಾಗಿ ಹಿಡಿದು ಜಾಡಿಸಿ, ಅಂಗೈಗೆ ಎರಡು ಮೂರು ಹನಿ ಬೀಳುತ್ತವೆ. ಒಂದು ಕೆಜಿಯಲ್ಲಿ ಎಷ್ಟು ಕಾಯಿ ಇರುತ್ತವೋ ಅಷ್ಟು ಸಲ ಈ ಹನಿಗಳು ಭರಣಿಗೆ ಸೇರಿದಂತಾಯಿತು. ಹಾಗಾಗಿ ತೊಟ್ಟಿನ ಸಮೇತ ತೊಳೆಯಿರಿ, ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ, ಹತ್ತಿ ಸೀರೆಯ ಮೇಲೆ ನೆರಳಲ್ಲಿ ಹರವಿ ರಾತ್ರಿಯಿಡೀ ಫ್ಯಾನ್ ಹಾಕಿ. ಬಳ್ಳಾರಿಯ ಚಳಿಗಾಲದ ಗಾಳಿ ಒಣ ಗಾಳಿ, ಬೆಳಗ್ಗೆ ಹೊತ್ತಿಗೆ ಆರಿರುತ್ತದೆ. ಬಿಸಿಲಿಗೆ ಇಟ್ಟರೆ ಸಿಪ್ಪೆ ಬಾಡಿ ತೊಗಲಿನಂತಾಗುತ್ತದೆ, ರುಬ್ಬುವಾಗ ನುಣ್ಣಗಾಗುವುದಿಲ್ಲ. ತೊಟ್ಟು ಕೀಳುವುದು ಇದೆಲ್ಲ ಮುಗಿದ ಮೇಲೆ.

ಕೀಳುವ ಮೊದಲು ಅಂಗೈಗೆ, ಬೆರಳ ಸಂದಿಗೆ ಶೇಂಗಾ ಎಣ್ಣೆ ಸವರಿಕೊಳ್ಳಿ. ಮೆಣಸಿನ ಖಾರ ಎಣ್ಣೆಯಲ್ಲಿ ಕರಗುತ್ತದೆ, ನೀರಲ್ಲಿ ಕರಗುವುದಿಲ್ಲ. ಕೈ ಉರಿ ಹತ್ತಿದಾಗ ನೀರಿಗೆ ಹಿಡಿದರೆ ಆರದಿರುವುದು ಇದಕ್ಕೇ. ಮತ್ತೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು ಹಾಕಿ.

ಮೊದಲ ದಿನ ಕಾಯಿಯನ್ನು ಉಪ್ಪು, ಅರಿಶಿನದ ಜೊತೆ ತರಿತರಿಯಾಗಿ ಕುಟ್ಟಬೇಕು. ಒಳಕಲ್ಲಿದ್ದರೆ ಉತ್ತಮ. ಮಿಕ್ಸಿಯಾದರೆ ಐದು ಸೆಕೆಂಡು ತಿರುಗಿಸಿ ನಿಲ್ಲಿಸಿ, ಹೀಗೆ ನಾಲ್ಕೈದು ಸಲ. ಒಂದೇ ಸಮ ಓಡಿಸಿದರೆ ಜಾರು ಬಿಸಿಯಾಗಿ ಹಸಿ ಹಣ್ಣಿನ ಘಮ ಹೋಗುತ್ತದೆ. ಇದನ್ನು ಭರಣಿಯಲ್ಲಿ ಅರ್ಧ ತುಂಬಿ, ನಡುವೆ ಹುಣಸೆಹಣ್ಣನ್ನು ಉಂಡೆ ಮಾಡದೆ ಬಿಡಿಸಿ ಹರಡಿ, ಉಳಿದ ಅರ್ಧವನ್ನು ಮೇಲೆ ಒತ್ತಿ, ಬಾಯಿಗೆ ಬಟ್ಟೆ ಕಟ್ಟಿ ಇಡಿ. ಹುಣಸೆಯನ್ನು ನೀರಲ್ಲಿ ನೆನೆಸುವ ಮಾತೇ ಇಲ್ಲ. ಉಪ್ಪು ಮೆಣಸಿನಕಾಯಿಯ ರಸವನ್ನು ಹೊರಗೆಳೆಯುತ್ತದೆ, ಆ ರಸದಲ್ಲೇ ಹುಣಸೆ ನೆನೆಯುತ್ತದೆ. ಭರಣಿಯ ಮೇಲ್ಭಾಗ ನಾಲ್ಕು ಬೆರಳು ಖಾಲಿ ಇರಲಿ.

ಮಾರನೆಯ ದಿನ ನೋಡಿದರೆ ಹಿಂಡಿ ಕೆಳಗೆ ಕುಸಿದು ಅಂಚಿನಲ್ಲಿ ಕೆಂಪು ರಸ ನಿಂತಿರುತ್ತದೆ. ಒಣ ಮರದ ಸೌಟಿನಿಂದ ಮೇಲೆ ಕೆಳಗೆ ಮಾಡಿ. ಮೂರನೆಯ ದಿನ ಅಲ್ಲೊಂದು ಇಲ್ಲೊಂದು ಗುಳ್ಳೆ ಕಂಡರೆ, ವಾಸನೆಯಲ್ಲಿ ಸಣ್ಣ ಹುಳಿ ಬಂದಿದ್ದರೆ ಗಾಬರಿ ಬೇಡ, ಹಾಗೆಯೇ ಆಗಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಇದರ ಹತ್ತಿರ ತರಬೇಡಿ. ಉಪ್ಪು ಹುಳಿ ಎರಡೂ ಸೇರಿ ಲೋಹವನ್ನು ತಿನ್ನುತ್ತವೆ, ಹಿಂಡಿ ಕಪ್ಪಾಗಿ ಒಗರು ಬರುತ್ತದೆ.

ಮೂರನೆಯ ಅಥವಾ ನಾಲ್ಕನೆಯ ದಿನ ಎಲ್ಲವನ್ನೂ ಹೊರತೆಗೆದು ರುಬ್ಬುವುದು. ಮೆಂತ್ಯವನ್ನು ಸಣ್ಣ ಉರಿಯಲ್ಲಿ ಹುರಿಯಿರಿ, ಜೇನಿನ ಬಣ್ಣ ಬಂದ ಕ್ಷಣ ಬೇರೆ ತಟ್ಟೆಗೆ ಸುರಿಯಿರಿ. ಒಲೆ ಆರಿಸಿ ಬಾಣಲಿಯಲ್ಲೇ ಬಿಟ್ಟರೆ ಆ ಕಾವಿಗೇ ಕಂದಾಗುತ್ತದೆ, ಒಂದು ಕೆಜಿ ಹಿಂಡಿಯೂ ಕಹಿ. ಆ ಕಹಿಯನ್ನು ಬೆಲ್ಲ ಮುಚ್ಚುವುದಿಲ್ಲ. ಸಾಸಿವೆ, ಜೀರಿಗೆ ಬರೀ ಬೆಚ್ಚಗಾದರೆ ಸಾಕು. ಮೂರನ್ನೂ ಆರಿಸಿ ಪುಡಿ ಮಾಡಿ. ಮೊದಲು ಹಿಂಡಿ ರುಬ್ಬಿ, ಆಮೇಲೆ ಪುಡಿ ಮತ್ತು ಇಂಗು, ಕೊನೆಗೆ ಬೆಳ್ಳುಳ್ಳಿ. ಬೆಳ್ಳುಳ್ಳಿ ಅರೆಬರೆ ಜಜ್ಜಿದಂತಿರಬೇಕು, ಬಾಯಿಗೆ ತುಣುಕು ಸಿಗಬೇಕು. ಮಿಕ್ಸಿ ಜಾರಿಗೆ ಅಂಟಿದ್ದನ್ನು ನೀರು ಹಾಕಿ ತೊಳೆದು ಭರಣಿಗೆ ಸುರಿಯುವ ಅಭ್ಯಾಸ ಬಿಡಿ. ಅದರಲ್ಲಿ ಎರಡು ಚಮಚ ಹಿಂಡಿ ಉಳಿಯುತ್ತದೆ, ಇಡೀ ಭರಣಿ ಹೋಗುತ್ತದೆ. ಜಾರು ತೊಳೆದ ಆ ನೀರನ್ನು ಅವತ್ತಿನ ಸಾರಿಗೆ ಹಾಕಿ.

ಭರಣಿಗೆ ಒತ್ತಿ ತುಂಬಿ, ಮೇಲೆ ಅರ್ಧ ಬೆರಳು ಎಣ್ಣೆ ನಿಲ್ಲಿಸಿ. ಕಾಯಿಸಿ ಪೂರ್ತಿ ಆರಿಸಿದ ಶೇಂಗಾ ಎಣ್ಣೆ ಆಗುತ್ತದೆ. ಕೊಪ್ಪಳ, ರಾಯಚೂರು ಕಡೆ ಕುಸುಬಿ ಎಣ್ಣೆ ಸಿಕ್ಕರೆ ಅದರ ರುಚಿಯೇ ಬೇರೆ. ಗಾಳಿ, ಬೆಳಕು ತಾಗಿದಷ್ಟೂ ಕೆಂಪು ಕಂದಾಗುತ್ತದೆ, ಆದ್ದರಿಂದ ಗಾಜಿನ ಬಾಟಲಿಯನ್ನು ಕಿಟಕಿಯಲ್ಲಿ ಇಡಬೇಡಿ. ದಿನಬಳಕೆಗೆ ಸಣ್ಣ ಡಬ್ಬಿಗೆ ತೆಗೆದುಕೊಂಡು ದೊಡ್ಡ ಭರಣಿಯನ್ನು ತಿಂಗಳಿಗೆ ಎರಡು ಸಲ ಮಾತ್ರ ತೆರೆಯುತ್ತೇನೆ.

ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿ, ರೋಮ ಇಲ್ಲದಿದ್ದರೆ, ಕೆಟ್ಟ ವಾಸನೆಯೂ ಇಲ್ಲದಿದ್ದರೆ ಅದನ್ನು ಕೆರೆದು ತೆಗೆದು ಕೆಜಿಗೆ 20 ಗ್ರಾಂ ಉಪ್ಪು ಸೇರಿಸಿ ಮತ್ತೆ ಎಣ್ಣೆ ಮುಚ್ಚಿ. ಹತ್ತಿಯಂತೆ ರೋಮ ಎದ್ದ ಬೂಷ್ಟು, ಹಸಿರು ಕಪ್ಪು ಬಣ್ಣ ಕಂಡರೆ ಇಡೀ ಭರಣಿ ಎಸೆಯಬೇಕು, ಬೂಷ್ಟಿನ ಬೇರು ಕೆಳಗಿನವರೆಗೆ ಇಳಿದಿರುತ್ತದೆ. ಆರೋಗ್ಯದ ಕಾರಣಕ್ಕೆ ಉಪ್ಪು ಕಡಿಮೆ ಮಾಡುವವರು ಅರ್ಧ ಕೆಜಿಯಷ್ಟೇ ಹಾಕಿ ಫ್ರಿಜ್‌ನಲ್ಲಿ ಇಟ್ಟು ಬೇಗ ಮುಗಿಸಲಿ. ಹಸಿ ಬೆಳ್ಳುಳ್ಳಿ ಎಣ್ಣೆಯ ಕೆಳಗೆ ಇರುವುದರಿಂದ ಉಪ್ಪು ಹುಳಿ ಕಡಿಮೆಯಾದ ಹಿಂಡಿಯನ್ನು ಹೊರಗೆ ಇಡುವುದು ಅಪಾಯ.

ತಿನ್ನಲು ಹದಿನೈದು ದಿನ ಕಾಯಿರಿ. ಉಪ್ಪು, ಹುಳಿ, ಖಾರ ಅಷ್ಟರಲ್ಲಿ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಬಿಸಿ ಜೋಳದ ರೊಟ್ಟಿಯ ಮೇಲೆ ಸವರಿ, ನಡುವೆ ಗುಳಿ ಮಾಡಿ ಹಸಿ ಎಣ್ಣೆ ಹನಿಸಿ, ಪಕ್ಕದಲ್ಲಿ ಉಳ್ಳಾಗಡ್ಡಿ. ಖಡಕ್ ರೊಟ್ಟಿಗಾದರೆ ಗಟ್ಟಿ ಮೊಸರಲ್ಲಿ ಕಲಸಿದ ಹಿಂಡಿ. ಖಾರ ಹೆಚ್ಚೆನಿಸಿದರೆ ಶೇಂಗಾ ಪುಡಿ ಬೆರೆಸಿ. ಒಗ್ಗರಣೆ ಕೊಡುವುದಿದ್ದರೆ ಅವತ್ತಿಗೆ ಬೇಕಾದಷ್ಟಕ್ಕೆ ಮಾತ್ರ.

ಬೇಸಿಗೆಯಲ್ಲಿ ನಾನು ಇದನ್ನು ಅಂಬಲಿಯ ಜೊತೆ ನೆಂಚಿಕೊಳ್ಳುತ್ತೇನೆ. ನಾಲ್ಕು ಚಮಚ ಜೋಳದ ಹಿಟ್ಟನ್ನು ಒಂದು ಲೋಟ ತಣ್ಣೀರಲ್ಲಿ ಕದಡಿ, ಮೂರು ಲೋಟ ಕುದಿಯುವ ನೀರಿಗೆ ಹುಯ್ದು, ಹತ್ತು ನಿಮಿಷ ತಿರುವುತ್ತಾ ಬೇಯಿಸಬೇಕು. ಒಣ ಹಿಟ್ಟನ್ನೇ ಕುದಿನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಪೂರ್ತಿ ತಣಿದ ಮೇಲೆ ಎರಡು ಲೋಟ ಮಜ್ಜಿಗೆ, ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ. ಬಿಸಿ ಇರುವಾಗಲೇ ಹಾಕಿದರೆ ಮಜ್ಜಿಗೆ ಒಡೆಯುತ್ತದೆ. ಅಂಬಲಿಗೆ ಕೆಂಪಿಂಡಿ ಕದಡಬೇಡಿ, ಒಂದು ಗುಟುಕು ಕುಡಿದು ಬೆರಳ ತುದಿಯಲ್ಲಿ ಇಷ್ಟೇ ಇಷ್ಟು ನಾಲಿಗೆಗೆ ಹಚ್ಚಿಕೊಳ್ಳಿ.