ಮೂಡಲ ಬದು: ಮೂರು ತಲೆಮಾರಿನ ಗುಟ್ಟನ್ನು ನಾನು ಕಾದಂಬರಿ ಮಾಡಿದ್ದು ಹೀಗೆ

ನನ್ನ ಕಾದಂಬರಿ ಶುರುವಾಗುವುದು ದಾವಣಗೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಒಂದು ಹೆಬ್ಬೆಟ್ಟಿನ ಗುರುತಿನಿಂದ. 1974ರಲ್ಲಿ ಭೂಸುಧಾರಣೆ ಕಾನೂನಿನ ತಿದ್ದುಪಡಿ ಜಾರಿಗೆ ಬಂತು. ಗೇಣಿ ಮಾಡುತ್ತಿದ್ದವರು ಫಾರಂ 7 ತುಂಬಿ ಕೊಟ್ಟು, ಭೂನ್ಯಾಯ ಮಂಡಳಿ ಒಪ್ಪಿದರೆ ಹೊಲ ಅವರದೇ ಆಗುತ್ತಿತ್ತು. ನನ್ನ ಕತೆಯ ಅಜ್ಜ ತನ್ನ ಗೇಣಿದಾರನಿಂದ 'ನಾನು ಗೇಣಿದಾರ ಅಲ್ಲ, ಕೂಲಿಗೆ ಬರುತ್ತಿದ್ದೆ' ಅಂತ ಹೇಳಿಕೆ ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ.

ಅಜ್ಜನನ್ನು ಖಳನಾಯಕ ಮಾಡಲು ನನಗೆ ಇಷ್ಟ ಇರಲಿಲ್ಲ. ಅವನ ಆಸೆ ಓದುಗರಿಗೂ ಅರ್ಥವಾಗಬೇಕು. ಜೋಳ ಬೆಳೆಯುತ್ತಿದ್ದ ಆ ಹೊಲಕ್ಕೆ ಆಗಲೇ ಭದ್ರಾ ಚಾನಲ್ ನೀರು ಬಂದು, ಭತ್ತದ ಗದ್ದೆಯಾಗಿದೆ. ಕಣ್ಣೆದುರಿಗೆ ಬಂಗಾರವಾದ ಭೂಮಿಯನ್ನು ಬಿಡುವುದು ಸುಲಭವಲ್ಲ.

ಇದನ್ನೆಲ್ಲ ಫ್ಲ್ಯಾಶ್‌ಬ್ಯಾಕಿನಲ್ಲಿ ಹೇಳಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಮನೆಯ ಗುಟ್ಟು ಮುಂದಿನವರಿಗೆ ಕತೆಯಾಗಿ ತಲುಪುವುದಿಲ್ಲ, ಅಭ್ಯಾಸವಾಗಿ ತಲುಪುತ್ತದೆ. ನಾನು ಹಿಡಿದುಕೊಂಡಿದ್ದು ಇದೊಂದೇ ಎಳೆ. ಸೀಗೆ ಹುಣ್ಣಿಮೆಗೆ ನಮ್ಮ ಕಡೆ ಹೊಲದ ಸುತ್ತ ಚರಗ, ಅಂದರೆ ಭೂಮಿತಾಯಿಗೆ ಎಡೆಯ ಬುತ್ತಿ, ಚೆಲ್ಲುತ್ತಾರಲ್ಲ, ಅದನ್ನೇ ತಗೊಂಡೆ. ಅಜ್ಜ ಮೂರು ಬದು ಸುತ್ತಿ ಮೂಡಲ ಬದುವಿನ ಹತ್ತಿರ ವಾಪಸ್ ತಿರುಗುತ್ತಾನೆ. ಗೇಣಿದಾರನ ಗುಡಿಸಲು ಇದ್ದದ್ದು ಅಲ್ಲಿ. ಅಪ್ಪನಿಗೆ ಅದು ಗೊತ್ತಿಲ್ಲ. 'ಆ ಕಡೆ ಹೋಗಬ್ಯಾಡ್ರಿ, ಹುತ್ತ ಐತಿ' ಅಂತ ಮಕ್ಕಳಿಗೆ ಹೇಳುತ್ತಾನೆ. ಮೊಮ್ಮಗಳ ಕಾಲಕ್ಕೆ ಹುತ್ತವೂ ಮರೆತುಹೋಗಿದೆ. ಕೇಳಿದರೆ 'ನಮ್ಮ ಮನೆ ಪದ್ಧತಿ' ಅನ್ನುತ್ತಾಳೆ. ಮಾಡುವುದು ಒಂದೇ, ಕಾರಣ ಮೂರು. ಈ ಹಬ್ಬವನ್ನು ಮೂರು ಸಲ ಬರೆದೆ, ಅದೇ ಬುತ್ತಿ, ಅದೇ ದಾರಿ. ಏನೋ ಮುಚ್ಚಿಟ್ಟಿದ್ದಾರೆ ಅಂತ ಓದುಗರಿಗೆ ಮೊಮ್ಮಗಳಿಗಿಂತ ಮೊದಲೇ ಅನುಮಾನ ಬರುತ್ತದೆ. ಆ ಅಂತರವೇ ಕಾದಂಬರಿಯನ್ನು ಎಳೆದುಕೊಂಡು ಹೋಯಿತು.

ಗುಟ್ಟು ಬಯಲಾಗಲು ಹಳೇ ಪತ್ರ, ಡೈರಿ ಯಾವುದೂ ಬೇಕಾಗಲಿಲ್ಲ. ಪಹಣಿ ಸಾಕು. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ಹಳೇ ಕೈಬರಹದ ಪಹಣಿಗಳ ನಕಲು ತೆಗೆಸಿ, ಕೂತು ಓದಿದ್ದೆ. ಕಲಂ 9ರಲ್ಲಿ ಮಾಲೀಕನ ಹೆಸರು, ಕಲಂ 12ರಲ್ಲಿ ಸಾಗುವಳಿ ಯಾರದು ಅನ್ನುವುದು. ಕಾದಂಬರಿಯಲ್ಲಿ ಮೊಮ್ಮಗಳು ಬ್ಯಾಂಕ್ ಸಾಲಕ್ಕೆಂದು ದಾಖಲೆ ತೆಗೆಸುತ್ತಾಳೆ. ಸಾಗುವಳಿ ಕಲಂನಲ್ಲಿ ವರ್ಷ ವರ್ಷವೂ ಬೇರೆ ಯಾರದೋ ಹೆಸರು. ಒಂದು ಸಾಲಿನಿಂದ ಮುಂದಕ್ಕೆ, ಬೇರೆ ಶಾಯಿಯಲ್ಲಿ, 'ಸ್ವಂತ'. ಅಷ್ಟೇ. ಆ ಅಧ್ಯಾಯದಲ್ಲಿ ಅವಳಿಂದ ಒಂದು ಮಾತೂ ಆಡಿಸಿಲ್ಲ.

ಅಜ್ಜಿ ಮಾತ್ರ ಎಲ್ಲ ಬಲ್ಲವಳು. ಹೆಬ್ಬೆಟ್ಟು ಒತ್ತಿದ ದಿನ ಗೇಣಿದಾರನ ಬೆರಳಿನ ಮಸಿ ತೊಳೆಯಲು ತಂಬಿಗೆಯಲ್ಲಿ ನೀರು ಕೊಟ್ಟವಳು ಅವಳೇ. ಅವಳ ಬಾಯಿ ಬಿಡಿಸಿ ಅಂತ ಕರಡು ಓದಿದ ಗೆಳೆಯರು ಹೇಳಿದರು. ನಾನು ಒಪ್ಪಲಿಲ್ಲ. ಅವಳು ಉಂಡದ್ದೂ ಅದೇ ಗದ್ದೆಯ ಅನ್ನ ಅಲ್ವಾ?

ಇನ್ನೊಂದು ಮನೆಯ ಕತೆ ಬರೆಯದೆ ಇದು ಪೂರ್ತಿ ಆಗುವುದಿಲ್ಲ. ಗೇಣಿದಾರ ದಾವಣಗೆರೆಗೆ ಬಂದು ಹತ್ತಿ ಮಿಲ್ಲು ಸೇರುತ್ತಾನೆ. ಮಿಲ್ಲು ಮುಚ್ಚಿದ ಮೇಲೆ ಮಗ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ನಿಲ್ಲುತ್ತಾನೆ. ಅವರ ಮನೆಯಲ್ಲಿ ಇದು ಗುಟ್ಟೇ ಅಲ್ಲ. ಎಷ್ಟು ಎಕರೆ, ಎಷ್ಟು ಗುಂಟೆ, ಯಾವ ಮರದ ನೆರಳು, ಮೊಮ್ಮಕ್ಕಳಿಗೂ ಬಾಯಿಪಾಠ. ಒಂದು ಮನೆ ಮುಚ್ಚಿಟ್ಟದ್ದು ಇನ್ನೊಂದು ಮನೆಯಲ್ಲಿ ದಿನದ ಮಾತು. ಅದಕ್ಕೇ ಭಟ್ಟಿಯ ಅಧ್ಯಾಯಗಳಲ್ಲಿ ಮಾತು ಜಾಸ್ತಿ, ಹಳ್ಳಿಯ ಅಧ್ಯಾಯಗಳಲ್ಲಿ ಮೌನ ಜಾಸ್ತಿ.

ಕೊನೆಗೆ ಮೊಮ್ಮಗಳು ಅವರ ಮನೆಗೆ ಹೋಗಿ ಪಹಣಿ ತೋರಿಸುತ್ತಾಳೆ. ಅಲ್ಲಿಯ ಹುಡುಗ ಹೇಳುತ್ತಾನೆ: 'ನಮಗಿದು ಹೊಸದಲ್ಲ ಅಕ್ಕಾ. ಈಗ ನಿಮಗೂ ಗೊತ್ತಾತಲ್ಲ, ಏನು ಮಾಡ್ತೀರಿ?' ಅಲ್ಲೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಆ ಗದ್ದೆ ಈಗ ಅಡಿಕೆ ತೋಟ, ಅವಳ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಅದೇ ತೋಟ. ತಪ್ಪೊಪ್ಪಿಕೊಂಡು ಮನಸ್ಸು ಹಗುರ ಮಾಡಿಕೊಂಡರೆ ಅದೂ ಅವಳಿಗೇ ಲಾಭ. ಹಾಗಾಗಿ ಇನ್ನೂ ಎರಡು ಅಧ್ಯಾಯ ಬರೆದೆ: ಪಾಲಿನ ವಿಷಯಕ್ಕೆ ಅಣ್ಣನ ಜೊತೆ ಜಗಳ, ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿ.