ಕಲಾಮೇಳದಲ್ಲಿ ಟ್ರೆಂಡ್ ಗುರುತಿಸುವುದು ಹೇಗೆ

ಮೊದಲ ಸುತ್ತಿನಲ್ಲಿ ಎಲ್ಲೂ ನಿಲ್ಲಬೇಡಿ. 40 ನಿಮಿಷದಲ್ಲಿ ಇಡೀ ಸಭಾಂಗಣ ಸುತ್ತಿ, ಪದೇ ಪದೇ ಕಣ್ಣಿಗೆ ಬಿದ್ದದ್ದಕ್ಕೆ ಪುಸ್ತಕದಲ್ಲಿ ಗೀಟು ಹಾಕಿ: ನೂಲು-ನೇಯ್ಗೆ, ಸೆರಾಮಿಕ್, ದೊಡ್ಡ ಮುಖಚಿತ್ರ, ವಿಡಿಯೊ. ಒಂದೇ ಗ್ಯಾಲರಿಯಲ್ಲಿ ಹತ್ತು ಇದ್ದರೆ ಅದು ಆ ಗ್ಯಾಲರಿಯ ರುಚಿ, ಅಷ್ಟೆ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಮಳಿಗೆಗಳಲ್ಲಿ ಕಂಡರೆ ಟ್ರೆಂಡ್ ಎನ್ನಬಹುದು.

ಎರಡನೇ ಸುತ್ತಿನಲ್ಲಿ ಲೇಬಲ್ ಓದಿ. ಕೃತಿ ರಚಿಸಿದ ವರ್ಷ ಮುಖ್ಯ. 1970ರ ದಶಕದ ನೇಯ್ಗೆ ಈಗ ಗೋಡೆಗೇರಿದ್ದರೆ ಅದು ಹೊಸ ಕಲೆಯಲ್ಲ, ಹಳೆಯದಕ್ಕೆ ಬಂದ ಮರುಜೀವ. ‘3/5’ ಎಂದರೆ ಐದು ಪ್ರತಿಗಳಲ್ಲಿ ಮೂರನೆಯದು; ‘ಎ.ಪಿ.’ ಎಂದರೆ ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ. ಕ್ಯಾನ್ವಾಸನ್ನು ಪಕ್ಕದಿಂದಲೂ ನೋಡಿ. ಬಣ್ಣದ ದಪ್ಪ, ಅಂಚಿಗೆ ಇಳಿದ ಹನಿ, ಮುದ್ರಣದ ಮೇಲೆ ಎಳೆದ ಕುಂಚದ ಗೆರೆ – ಫೋನಿನ ಫೋಟೋದಲ್ಲಿ ಇವೆಲ್ಲ ಮಾಯ.

ಎಡವುವುದು ಜನ ಮುತ್ತಿದ ಕಡೆ. 2019ರಲ್ಲಿ ಅಮೆರಿಕದ ಕಲಾಮೇಳ ಆರ್ಟ್ ಬಾಸೆಲ್ ಮಯಾಮಿ ಬೀಚ್‌ನಲ್ಲಿ ಇಟಲಿಯ ಕಲಾವಿದ ಮೌರಿಜಿಯೊ ಕಾಟೆಲಾನ್ ಗೋಡೆಗೆ ಟೇಪ್ ಹಾಕಿ ಅಂಟಿಸಿದ ಬಾಳೆಹಣ್ಣು ಸುದ್ದಿಯಾಯಿತು. ಸುದ್ದಿಯಾದದ್ದೆಲ್ಲ ಟ್ರೆಂಡ್ ಅಲ್ಲ. ಇನ್ನೊಂದು: ಮೇಳ ಮಾರಾಟದ ಜಾಗ, ಸಾಗಿಸಲು ಸುಲಭವಾದದ್ದೇ ಹೆಚ್ಚು ಬರುತ್ತದೆ. ಜಾಗಕ್ಕೆಂದೇ ಕಟ್ಟುವ ಇನ್‌ಸ್ಟಲೇಶನ್ ಕಡಿಮೆ ಕಂಡರೆ ಅದರ ಕಾಲ ಮುಗಿಯಿತೆಂದು ಬರೆದುಕೊಳ್ಳಬೇಡಿ.